ಕಾಂಕ್ರೀಟ್ ದಾಟುವ ಅಲೆ

ಕುಸಿದ ಕಟ್ಟಡದಡಿ ಗಂಡ ಸಿಲುಕಿ ಮೂರು ದಿನವಾಗಿತ್ತು. ಗೌರವ್ವ ಆ ರಾಶಿ ಬಿಟ್ಟು ಕದಲಿರಲಿಲ್ಲ. ರಕ್ಷಣಾ ತಂಡದ ಇಮಾಮಸಾಬ ಅವಳ ಪಕ್ಕದಲ್ಲೇ ರೇಡಾರ್ ಪೆಟ್ಟಿಗೆ ಇಟ್ಟ.

“ಇದೇನ್ ಮಾಡ್ತೈತ್ರಿ?”

“ಕಣ್ಣಿಗೆ ಕಾಣದ ರೇಡಿಯೋ ಅಲಿ ಬಿಡ್ತೈತಿ, ಯಕ್ಕಾ. ಅವು ಕಾಂಕ್ರೀಟ್ ದಾಟಿ ಹೋಗಿ, ಬಡಿಯೋ ಎದಿ ಮುಟ್ಟಿದ್ರ ಹೊಳ್ಳಿ ಬಂದು ಸುದ್ದಿ ಹೇಳ್ತಾವು.”

ಇಮಾಮಸಾಬ ತನ್ನ ಎದೆಬಡಿತ ಪೆಟ್ಟಿಗೆಗೆ ಸಿಗದಷ್ಟು ದೂರ ಸರಿದು, ಕೈಯಲ್ಲಿದ್ದ ಅದರ ಪರದೆ ನೋಡಿದ. ಗೆರೆ ಮೆಲ್ಲಗೆ ಏರಿಳಿಯುತ್ತಿತ್ತು.

“ಎದಿ ಬಡೀತೈತಿ!”

“ಅದಾರ್ರಿ! ನಮ್ಮವ್ರು ಅದಾರ!” ಗೌರವ್ವ ಕಾಂಕ್ರೀಟನ್ನೇ ತಬ್ಬಿಕೊಂಡಳು.

ಅವಳು ಇನ್ನೂ ಅಲ್ಲೇ ಇರುವುದನ್ನು ಕಂಡು ಅವನ ದನಿ ಇಳಿಯಿತು. “ಯಕ್ಕಾ, ಸ್ವಲ್ಪ ಈಕಡೆ ಬರ್ರಿ.”

ಗೌರವ್ವ ಕಣ್ಣೊರೆಸಿಕೊಂಡು, ನಗುತ್ತ ಎದ್ದು ಬಂದಳು. ಅವಳ ಹೆಜ್ಜೆಹೆಜ್ಜೆಗೂ ಪರದೆಯ ಏರಿಳಿತ ಕುಗ್ಗಿ, ಅವನ ಬಳಿ ತಲುಪುವಷ್ಟರಲ್ಲಿ ಗೆರೆ ನೆಟ್ಟಗಾಗಿತ್ತು.