ಬೆಚ್ಚಗಿನ ಹಲಗೆ

ಪರದೆಯ ಮೇಲೆ ಪ್ರಶ್ನೆ ಬಂದು ನಿಂತು ಹತ್ತು ನಿಮಿಷವಾಗಿತ್ತು. ಒಳಕೋಣೆಯ ಕಂಪ್ಯೂಟರು ಪೂರ್ತಿ ಬಂದ್ ಆಗಿದೆಯೇ, ಕಣ್ಣಾರೆ ನೋಡಿ ಹೇಳಿ ಎಂದು ಹೊರಕೋಣೆಯ ಕಂಪ್ಯೂಟರು ಕೇಳುತ್ತಿತ್ತು. ಹೌದು ಎಂದರೆ ಡಿಸ್ಕನ್ನು ಅದು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ನಾಗರತ್ನಾಳ ಬೆರಳು ಕೀಲಿಮಣೆಯ ಮೇಲೆಯೇ ಇತ್ತು, ಒತ್ತುತ್ತಿರಲಿಲ್ಲ.

“ಇನ್ನೂ ಏನ್ ವಿಚಾರ ಮಾಡ್ಲಿಕತ್ತೀಯವಾ?” ಸಂಘದ ಮ್ಯಾನೇಜರ್ ರಾಘವೇಂದ್ರರಾಯರು ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದರು. “ಹುಬ್ಬಳ್ಳಿ ವ್ಯಾಪಾರಸ್ಥರು ಎರಡು ಸಲ ಚಹಾ ಕುಡದು ಕೂತಾರ. ದಡಿ ನಕ್ಷಾ ತೋರಸಲಿಲ್ಲಂದ್ರ ಎದ್ದು ಹೋಗ್ತಾರ. ನಾ ಕಿಡಕಿಯಿಂದ ನೋಡೇನಿ, ಒಳಗಿಂದು ಕರ್ರಗಾಗಿ ಕೂತದ. ಸತ್ತದ ಅದು. ಹೌದು ಅಂತ ಒತ್ತು.”

ಇಳಕಲ್ಲಿನ ಆ ನೇಕಾರರ ಸಂಘಕ್ಕೆ ಲಿನಕ್ಸ್‌ನ ಜೋಡಿ ಕಂಪ್ಯೂಟರು ಬಂದು ಎರಡು ವರ್ಷವಾಗಿತ್ತು. ಗೋಡೆಯ ಆಚೆಗೊಂದು, ಈಚೆಗೊಂದು. ಹಿಂದೆ ದೀಪ ಇಡುತ್ತಿದ್ದ ಮಾಡವನ್ನು ಆಚೆಬದಿಯವರೆಗೆ ಕೊರೆದು, ಎರಡಕ್ಕೂ ಸೇರಿದ ಡಿಸ್ಕಿನ ಪೆಟ್ಟಿಗೆಯನ್ನು ಅದರಲ್ಲಿ ಕೂರಿಸಿದ್ದರು. ಒಂದು ಕಂಪ್ಯೂಟರು ಬಿದ್ದರೆ ಇನ್ನೊಂದು ಡಿಸ್ಕು ಹಿಡಿದು ಕೆಲಸ ಮುಂದುವರಿಸಬೇಕು. ಆದರೆ ಎರಡೂ ಒಮ್ಮೆಲೇ ಹಿಡಿದವೋ, ಒಂದು ಬರೆದದ್ದು ಇನ್ನೊಂದಕ್ಕೆ ತಿಳಿಯದೆ ಒಳಗಿದ್ದದ್ದೆಲ್ಲ ಚಿಂದಿ. ಹಾಗಾಗದಂತೆ ಬಿದ್ದದ್ದರ ಕರೆಂಟನ್ನು ತಾನಾಗಿಯೇ ಕತ್ತರಿಸುವ ಸಾಧನವೊಂದು ಸಿಗುತ್ತದಂತೆ. ಸಂಘ ಅದನ್ನು ಕೊಳ್ಳಲಿಲ್ಲ. ನಾಗರತ್ನಾ ಇದ್ದಾಳಲ್ಲ ಎಂದಿತು.

ಡಿಸ್ಕಿನಲ್ಲಿ ಇದ್ದದ್ದು ನಾಲ್ಕುನೂರು ದಡಿಗಳ, ಅಂದರೆ ಸೀರೆಯಂಚುಗಳ, ನಕ್ಷೆ. ಗೋಮಿ, ಗಾಡಿ, ಪರಾಸಪೇಟಿ, ಜೊತೆಗೆ ಹೆಸರೇ ಮರೆತುಹೋದ ಎಷ್ಟೋ. ಹಳಬರು ಬರೆದಿಟ್ಟ ಚೌಕಳಿ ಹಾಳೆಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಪ್ರತಿ ತೆಗೆದಿಡುವ ಟೇಪು ಬರುತ್ತದೆ ಬರುತ್ತದೆ ಎಂದು ವರ್ಷವಾದರೂ ಬಂದಿರಲಿಲ್ಲ. ಆ ನಾಲ್ಕುನೂರರಲ್ಲಿ ಹದಿನಾಲ್ಕು ನಾಗರತ್ನಾಳ ಅವ್ವ ಚಂದ್ರವ್ವನವು. ಅಕ್ಷರ ಬಾರದ ಅವ್ವ ಎಳೆ ಎಣಿಸಿ ಬಾಯಲ್ಲಿ ಹೇಳುತ್ತಿದ್ದಳು, ಮಗಳು ಬರೆದುಕೊಳ್ಳುತ್ತಿದ್ದಳು. ಅವ್ವ ಹೋದ ಮೇಲೆ ಉಳಿದದ್ದು ಅಷ್ಟೇ.

ಮನೆಯಲ್ಲಿ ಮಗ್ಗ ಒಂದೇ, ನೇಯುವವರು ಅವ್ವ ಮಗಳು ಇಬ್ಬರು. ನಾಗರತ್ನಾ ಹತ್ತು ವರ್ಷದವಳಿದ್ದಾಗ ಒಂದು ಮುಂಜಾನೆ, ಅವ್ವ ನೇಯ್ಗೆಯ ನಡುವೆಯೇ ಎದ್ದು ಹಿತ್ತಲಿಗೆ ಹೋದಳು. ಹುಡುಗಿ ತಡೆಯಲಾರದೆ ಮಗ್ಗದ ಕುಣಿಗೆ ಇಳಿದು ಕೂತು ಎಂಟು ಸಲ ಲಾಳಿ ಓಡಿಸಿಬಿಟ್ಟಳು. ತಿರುಗಿ ಬಂದ ಅವ್ವ ತನ್ನ ತಲೆಯಲ್ಲಿದ್ದ ಎಣಿಕೆಯನ್ನೇ ಹಿಡಿದು ನೇಯುತ್ತ ಹೋದಳು. ಸಂಜೆ ನೋಡಿದರೆ ದಡಿಯ ಹೂವು ಅರ್ಧಕ್ಕೆ ಸೀಳಿ ಅತ್ತಿತ್ತ ಸರಿದಿತ್ತು. ಒಂದು ಗೇಣು ನೇಯ್ಗೆ ಬಿಚ್ಚಬೇಕಾಯಿತು. ಅವ್ವ ಹೊಡೆಯಲಿಲ್ಲ. ಮಗಳ ಅಂಗೈಯನ್ನು ಹಿಡಿದು, ತಾನು ಆಗಷ್ಟೇ ಎದ್ದಿದ್ದ ಹಲಗೆಯ ಮೇಲೆ ಇಟ್ಟಳು.

“ಬೆಚ್ಚಗೈತಿಲ್ಲೋ? ಹಲಗಿ ಬೆಚ್ಚಗಿತ್ತಂದ್ರ ಕೂತಾಕಿ ಇನ್ನಾ ಎದ್ದಿಲ್ಲಂತ ತಿಳಕೋ. ಕಾಣವಲ್ಲಳಂತ ಹೋಗಿ ಕುಂಡರಬ್ಯಾಡ.”

ನಾಗರತ್ನಾ ಬೆರಳು ತೆಗೆದು ಎದ್ದಳು. “ಕೀಲಿ ಕೊಡ್ರಿ ಸರ್. ಮುಟ್ಟಿ ನೋಡಿ ಬರ್ತೇನಿ.”

“ಕರ್ರಗಾದದ್ದನ್ನ ಮುಟ್ಟಿ ಏನ್ ನೋಡ್ತೀ?” ಎಂದು ಗೊಣಗುತ್ತಲೇ ರಾಯರು ಕೀಲಿ ಕೊಟ್ಟರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ದಿನಕ್ಕೆ ಮೂರು ಸಲ ಇತರರಿಗೆ ಹೇಳುವವರು ಅವರೇ.

ಒಳಕೋಣೆಯಲ್ಲಿ ಕರೆಂಟಿರಲಿಲ್ಲ. ಓಣಿಯ ಮಗ್ಗಗಳ ಖಟಾಖಟಿ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಪರದೆ ಕಪ್ಪಗಿತ್ತು. ಅವಳು ಬಗ್ಗಿ ಕಂಪ್ಯೂಟರಿನ ಬೆನ್ನಿಗೆ ಅಂಗೈ ಒಡ್ಡಿದಳು. ಬಿಸಿ ಗಾಳಿ ಅಂಗೈಗೆ ಬಡಿಯಿತು. ಬ್ಯಾಟರಿಯ ಮೇಲೆ ಅದು ನಡೆದೇ ಇತ್ತು, ಡಿಸ್ಕು ಇನ್ನೂ ಅದರ ಕೈಯಲ್ಲೇ ಇತ್ತು. ಯಾರೋ ಪರದೆಯ ಪ್ಲಗ್ಗನ್ನೂ, ಎರಡೂ ಕಂಪ್ಯೂಟರುಗಳ ಮಾತು ಹಾಯಿಸುವ ಪುಟ್ಟ ಡಬ್ಬಿಯ ಪ್ಲಗ್ಗನ್ನೂ ಬ್ಯಾಟರಿಗೆ ಹಾಕುವ ಬದಲು ಗೋಡೆಗೆ ಸಿಕ್ಕಿಸಿದ್ದರು. ಜೀವ ಇತ್ತು, ದನಿ ಹೋಗಿತ್ತು. ಒಂದು ಗುಂಡಿ ಒತ್ತಿದ್ದರೆ ಅವ್ವನ ಹದಿನಾಲ್ಕೂ ಹೋಗುತ್ತಿದ್ದವು, ಅದೂ ತನ್ನ ಕೈಯಿಂದಲೇ.

ಡಬ್ಬಿಯ ಪ್ಲಗ್ಗನ್ನು ಬ್ಯಾಟರಿಗೆ ಬದಲಿಸಿದಳು. ಹೊರಕೋಣೆಯಲ್ಲಿ ಪ್ರಶ್ನೆ ತಾನಾಗಿಯೇ ಅಳಿಸಿಹೋಗಿ, ಮೇಜಿನ ಮೇಲಿನ ಪರದೆಯಲ್ಲಿ ದಡಿಗಳು ಒಂದೊಂದಾಗಿ ತೆರೆದುಕೊಂಡವು. ವ್ಯಾಪಾರಸ್ಥರು ನೋಡಿ, ಆರಿಸಿ, ಮಧ್ಯಾಹ್ನದ ಬಸ್ಸಿಗೆ ಹೋದರು. ಅವರು ಆರಿಸಿದ್ದರಲ್ಲಿ ಚಂದ್ರವ್ವನದೂ ಒಂದಿತ್ತು.

ಎಲ್ಲ ಮುಗಿದ ಮೇಲೆ ರಾಯರು ಕುರ್ಚಿ ಎಳೆದುಕೊಂಡು ಕೂತರು. “ಮುಟ್ಟಿ ನೋಡಬೇಕಂತ ನಿನಗ ಹೆಂಗ ಹೊಳೀತು?”

ಅವಳು ಹಲಗೆಯ ಮಾತು ಹೇಳಿದಳು. ರಾಯರು ನಕ್ಕರು.

“ಛಲೋ ಹೇಳ್ಯಾಳ ನಿಮ್ಮವ್ವ. ಮತ್ತ ಹಲಗಿ ತಣ್ಣಗಿದ್ರ?”

ನಾಗರತ್ನಾ ಪರದೆಯ ಮೇಲಿದ್ದ ಅವ್ವನ ದಡಿಯನ್ನೇ ನೋಡುತ್ತಿದ್ದಳು.

“ತಣ್ಣಗಿದ್ದದ್ದು ಒಮ್ಮೆ ಅಷ್ಟ ನೋಡೇನ್ರಿ ಸರ್. ಆವತ್ತ ಕೂತು, ಆಕಿ ಅರ್ಧಕ್ಕ ಬಿಟ್ಟು ಹೋದ ಸೀರಿ ನಾನ ಮುಗಿಸಿದ್ನಿ.”