ಆರನೆಯ ಲೋಟ

ದೊಡ್ಡ ಮೀನನ್ನು ಸೆಳೆಯಲು ಗಾಳಕ್ಕೆ ಸಿಕ್ಕಿಸುವ ಹುಸಿಮೀನಿಗೆ ರಬ್ಬರ್ ಎಳೆಗಳ ಲಂಗ ಕಟ್ಟುತ್ತಿದ್ದ ಹೌನಾನಿಯ ಕೈ ತಟ್ಟನೆ ನಿಂತಿತು. ಎದುರಿಗೆ ಮಗ ಕಲೇಯೊ, ಅಪ್ಪ ಎಂದೋ ಎರಕ ಹೊಯ್ದಿದ್ದ ಹುಸಿಮೀನಿನ ರೆಸಿನ್ ತಲೆಯೊಂದನ್ನು ಕೋನಾ ಕರಾವಳಿಯ ಬಿಸಿಲಿಗೆ ಹಿಡಿದು ತಿರುಗಿಸುತ್ತಿದ್ದ. ಅದರ ಮೈಸುತ್ತ ಓರೆ ಗೆರೆಗಳು ಸುರುಳಿಯಾಗಿ ಇಳಿದಿದ್ದವು.

"ಅಮ್ಮಾ, ಈ ಗೆರೆ ನಮ್ಮ ಯಾವ ಅಚ್ಚಲ್ಲೂ ಇಲ್ವಲ್ಲ? ಹಳೇ ಹುಸಿಮೀನು ಸಂಗ್ರಹಿಸೋನೊಬ್ಬ ಇದನ್ನ ಕೊಳ್ಳೋಕೇ ಅಂತ ಹೊರಗೆ ಕಾದು ಕೂತಿದಾನೆ."

"ಅಚ್ಚಲ್ಲ ಕಣೋ, ಅದು ನನ್ನ ಮದುವೆ ಲೋಟ!" ಕೈಗೆ ಸಿಕ್ಕ ಲೋಟಕ್ಕೆ ರೆಸಿನ್ ಹೊಯ್ದು, ಗಟ್ಟಿಯಾದ ಮೇಲೆ ಗಾಜು ಒಡೆದು ತೆಗೆಯುತ್ತಿದ್ದ ಕಾಲ ಅದು. "ಬೆಕ್ಕು ಬೀಳಿಸ್ತು ಅಂದಿದ್ದ ನಿಮ್ಮಪ್ಪ. ಸಾಯೋವರೆಗೂ ಬೆಕ್ಕು ಅಂತಲೇ ಸಾಧಿಸಿದ, ಕಳ್ಳ! ಪಾಪ, ಆ ಬೆಕ್ಕನ್ನ ಎಷ್ಟು ಅಟ್ಟಾಡಿಸಿದೀನೋ."

ನಗುತ್ತಲೇ ಕಣ್ಣೊರೆಸಿಕೊಂಡು, ಮಗನ ಕೈಯಲ್ಲಿದ್ದುದನ್ನು ತೆಗೆದುಕೊಂಡು ಅವಳು ಅಡುಗೆಮನೆಗೆ ನಡೆದಳು. ಕಪಾಟಿನಲ್ಲಿ ಅದೇ ಓರೆ ಗೆರೆಗಳ ಐದು ಮದುವೆ ಲೋಟಗಳು ಬೋರಲಾಗಿದ್ದವು. ಆರನೆಯದರ ಜಾಗದಲ್ಲಿ ಅವಳು ಇಷ್ಟು ವರ್ಷ ಒಂದು ಚಮಚವನ್ನೂ ಇಟ್ಟಿರಲಿಲ್ಲ. ರೆಸಿನ್ ತಲೆಯನ್ನು ಅಂಗಿಯ ತುದಿಯಿಂದ ಒರೆಸಿ, ಅಲ್ಲಿ ಬೋರಲಾಗಿ ನಿಲ್ಲಿಸಿದಳು.

"ಹೊರಗಿರೋನಿಗೇನು ಹೇಳ್ಲಿ?" ಹಿಂದೆಯೇ ಬಂದ ಕಲೇಯೊ ಕೇಳಿದ.

ಹೌನಾನಿ ಒಂದು ಲೋಟಕ್ಕೆ ಲಿಲಿಕೋಯಿ ಹಣ್ಣಿನ ಪಾನಕ ಸುರಿದು ಮಗನ ಕೈಗಿಟ್ಟಳು. "ಕುಡಿದು ಹೋಗು ಅನ್ನು. ಲೋಟ ಮಾತ್ರ ಜೋಪಾನ. ಈಗ ಆರೂ ಇವೆ."