ಬಿಟ್ಟುಹೋದ ಚುಕ್ಕೆ

"ಹೇಗೆ ಬಂದಿದೆ ನೋಡಿ ಅಜ್ಜಿ," ಎಂದು ಕಾಮಿಕ್ಸ್ ಕಲಾವಿದ ಪುಸ್ತಕದಂಗಡಿಯ ಮೇಜಿನ ಮೇಲೆ ತನ್ನ ಹೊಸ ಪುಸ್ತಕ ಬಿಚ್ಚಿಟ್ಟ. ಪುಟಪುಟದಲ್ಲೂ ಅಜ್ಜಿ ಮನೆಗೋಡೆಗೆ ಬರೆದ ಜಿಂಕೆಗಳೇ ಓಡುತ್ತಿದ್ದವು. ಹೆಸರು ಮಾತ್ರ ಅವನೊಬ್ಬನದೇ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳಿಗೆ ಮೈಯೆಲ್ಲ ಉರಿಯಿತು.

ಅಜ್ಜಿ ಕೊನೆಯ ಪುಟ ತೆರೆದಳು. ಅಲ್ಲಿ ಅವನ ಫೋಟೊ, ಸುತ್ತಲೂ ಕೊಂಡಿಗೆ ಕೊಂಡಿ ಹೆಣೆದ ಅಂಚು. ಹೋದ ವರ್ಷ ಹೇಳದೆ ಕೇಳದೆ ಗೋಡೆಯ ಫೋಟೊ ಹೊಡೆದುಕೊಂಡವನು, ತನಗೊಂದು ಚೆಂದದ ಅಂಚು ಕಲಿಸಿ ಎಂದೂ ಗೋಗರೆದಿದ್ದ. ಅಜ್ಜಿ ಕೈ ಹಿಡಿದು ತಿದ್ದಿಸಿದ್ದಳು. ಅದು ಯಾವ ಅಂಚೆಂದು ಮೊಮ್ಮಗಳಿಗೆ ಈಗ ಗೊತ್ತಾಯಿತು. ಕಳ್ಳನೆಂದು ಅನುಮಾನವಿದ್ದವನ ಬಾಗಿಲಿಗೆ ತಮ್ಮ ಜನ ಬರೆಯುವ ಅಂಚು ಅದು. ಕಳವು ಸಾಬೀತಾದ ದಿನ ಮೂಲೆಯಲ್ಲೊಂದು ಚುಕ್ಕೆ ಇಟ್ಟು ಮುಗಿಸುತ್ತಾರೆ.

"ಒಂದು ಚುಕ್ಕೆ ಬಿಟ್ಟುಹೋಗಿದೆಯಪ್ಪ," ಅಂದಳು ಅಜ್ಜಿ. ಅವನದೇ ಪೆನ್ನು ಇಸಕೊಂಡು, ಮೂಲೆಯಲ್ಲಿ ಒತ್ತಿ ಇಟ್ಟಳು.

"ಹೌದಲ್ಲ, ಈಗ ನೋಡಿ ಪೂರ್ತಿ ಆಯ್ತು," ಎಂದು ಅವನು ಬಾಗಿ ಕೈಮುಗಿದ. ಮೊಮ್ಮಗಳ ಹೊಟ್ಟೆ ತಣ್ಣಗಾಯಿತು.

"ಮುಂದಿನ ತಿಂಗಳು ಐದು ಸಾವಿರ ಪ್ರತಿ ಅಚ್ಚಾಗ್ತಿದೆ ಅಜ್ಜಿ. ಒಂದೂ ಬಿಡದೆ ಎಲ್ಲದಕ್ಕೂ ಈ ಚುಕ್ಕೆ ಹಾಕಿಸ್ತೀನಿ."